ಹೊಸ್ತಿಲು ದಾಟದ ಬೆಕ್ಕಿಗೂ ಲಸಿಕೆ ಬೇಕು: ಒಂದು ಸ್ಪಷ್ಟನೆ

‘ಮನೆಯೊಳಗೇ ಇರುವ ಬೆಕ್ಕಿಗೆ ಲಸಿಕೆ ಬೇಡ, ಮರಿಯಿದ್ದಾಗ ಒಂದು ಚುಚ್ಚುಮದ್ದು ಹಾಕಿಸಿದರೆ ಜೀವಮಾನಕ್ಕೆ ಸಾಕು’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಬೆಕ್ಕು ಹೊಸ್ತಿಲು ದಾಟದಿರಬಹುದು, ನಮ್ಮ ಚಪ್ಪಲಿ ದಾಟುತ್ತದಲ್ಲ! ಪ್ಯಾನ್‌ಲ್ಯುಕೋಪೀನಿಯಾ ಎಂಬ, ಬಿಳಿ ರಕ್ತಕಣಗಳನ್ನು ನಾಶಮಾಡುವ ಮಾರಕ ರೋಗ ತರುವ ಪಾರ್ವೊ ವೈರಾಣು ನೆಲ, ಬಟ್ಟೆ, ಬಟ್ಟಲುಗಳ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದು ತಗುಲಿತೆಂದರೆ, ನಿನ್ನೆ ದಾರದ ಉಂಡೆಯ ಹಿಂದೆ ಓಡುತ್ತಿದ್ದ ಮರಿ ಇಂದು ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ, ಕುಡಿಯಲೂ ಆಗದೆ ಕುಳಿತಿರುತ್ತದೆ.

ಒಂದೇ ಚುಚ್ಚುಮದ್ದು ಏಕೆ ಸಾಲದು? ತಾಯಿಯ ಹಾಲಿನಿಂದ ಬಂದ, ರೋಗ ತಡೆಯುವ ಪ್ರತಿಕಾಯಗಳು ಮರಿಯನ್ನು ಕಾಯುತ್ತವೆ ನಿಜ, ಆದರೆ ಲಸಿಕೆಯ ಕೆಲಸಕ್ಕೂ ಅಡ್ಡ ಬರುತ್ತವೆ. ಅವು ಕರಗುವ ವಾರ ಒಂದೊಂದು ಮರಿಗೆ ಒಂದೊಂದು. ಅದಕ್ಕೇ ಪ್ಯಾನ್‌ಲ್ಯುಕೋಪೀನಿಯಾ, ಶೀತ, ಸೀನು ತರುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣು – ಈ ಮೂರಕ್ಕೂ ಸೇರಿದ ಲಸಿಕೆಯನ್ನು 6–8 ವಾರಕ್ಕೆ ಆರಂಭಿಸಿ, 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಕೊಡುತ್ತಾರೆ. 6 ತಿಂಗಳಿಂದ 1 ವರ್ಷದೊಳಗೆ ಇನ್ನೊಂದು. ಆಮೇಲೆ ಒಳಗೇ ಇರುವ ಬೆಕ್ಕಿಗೆ ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ ಸಾಕು. ‘ಪ್ರತಿವರ್ಷ ಎಲ್ಲವೂ ಕಡ್ಡಾಯ’ ಎನ್ನುವುದು ಇನ್ನೊಂದು ಅತಿ.

ರೇಬಿಸ್ ಲಸಿಕೆ ಸಾಮಾನ್ಯವಾಗಿ 12 ವಾರದ ನಂತರ, ಮತ್ತೆ ಒಂದು ವರ್ಷಕ್ಕೆ. ಮುಂದಿನ ಅಂತರವನ್ನು ಲಸಿಕೆಯ ಬಗೆ ಮತ್ತು ಆಯಾ ಊರಿನ ಕಾನೂನು ನಿರ್ಧರಿಸುತ್ತವೆ. ಬೆಕ್ಕಿನಿಂದ ಬೆಕ್ಕಿಗೆ ಹರಡುವ ಲ್ಯುಕೀಮಿಯಾ ವೈರಾಣುವಿನ ಲಸಿಕೆ ಮುಖ್ಯವಾಗಿ ಮರಿಗಳಿಗೆ ಮತ್ತು ಹೊರಗೆ ತಿರುಗುವ ಬೆಕ್ಕುಗಳಿಗೆ. ಅದಕ್ಕೆ ಮೊದಲು, ಸೋಂಕು ಈಗಾಗಲೇ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸಬೇಕು. ಜ್ವರವಿರುವ ಬೆಕ್ಕನ್ನು ಮಾತ್ರ ಲಸಿಕೆಗೆಂದು ಹೊತ್ತೊಯ್ಯಬೇಡಿ, ಮೊದಲು ಚಿಕಿತ್ಸೆಯಾಗಲಿ.