ವಾಸ್ತು ನೋಡುತ್ತೀರಿ, ಬಿರುಕು ಯಾಕೆ ನೋಡಲ್ಲ?

ಹುಬ್ಬಳ್ಳಿಯಲ್ಲಿ ಹಳೆ ಮನೆ ಕೊಳ್ಳುವವರು ಮೊದಲು ಕೇಳುವುದು ಬಾಗಿಲು ಯಾವ ದಿಕ್ಕಿಗಿದೆ ಅಂತ. ಆಮೇಲೆ ಉತಾರ (ಆಸ್ತಿ ಯಾರ ಹೆಸರಲ್ಲಿದೆ ಅನ್ನುವ ದಾಖಲೆ), ಇಸಿ (ಅದರ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ). ಕಾಗದ ನೋಡಲೇಬೇಕು, ಸರಿ. ಆದರೆ ಮನೆಯೊಳಗೆ ಸುಮ್ನೆ ಒಂದು ಸುತ್ತು ಅಡ್ಡಾಡಿ, ಟೈಲ್ಸ್ ಚಂದ ಇವೆ ಅಂತ ಸಂಚಕಾರ, ಅಂದರೆ ಮುಂಗಡ ಹಣ, ಕೊಟ್ಟು ಬರುತ್ತಾರೆ. ಇದು ನನಗೆ ಅರ್ಥವೇ ಆಗುವುದಿಲ್ಲ.

ನಮ್ಮ ಕಡೆ ನೆಲವೇ ಬೇರೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು. ನವಲಗುಂದ, ಅಣ್ಣಿಗೇರಿ, ಗದಗಿನ ಕಡೆ ಹೊರಟರೆ ಎರೆ ಮಣ್ಣು. ಹತ್ತಿ, ಕಡಲೆಗೆ ಒಳ್ಳೆಯದು, ಮನೆಗೆ ಮಾತ್ರ ಕಾಟ. ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಪಾಯ ಆ ಎರೆಯಲ್ಲೇ ನಿಂತಿದ್ದರೆ ಮನೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ. ಗಟ್ಟಿ ಗರಸು ಸಿಗುವ ತನಕ ಅಗೆದಿದ್ದಾರಾ, ಪ್ಲಿಂತ್ ಬೀಮ್ (ಪಾಯದ ಮೇಲೆ, ಗೋಡೆಯ ಕೆಳಗೆ ಹಾಯಿಸುವ ಕಾಂಕ್ರೀಟ್ ತೊಲೆ) ಹಾಕಿದ್ದಾರಾ ಅಂತ ಕೇಳಿ. ಮನೆ ಕಟ್ಟಿದ ಗೌಂಡಿಯೇ ಸಿಕ್ಕರೆ ಇನ್ನೂ ಒಳ್ಳೆಯದು. ಮಾಲೀಕರು ಮರೆತದ್ದು ಅವನಿಗೆ ನೆನಪಿರುತ್ತದೆ.

ಗಿಲಾವಿನ ಮೇಲಿನ ಸಣ್ಣ ಗೆರೆಗಳಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಒಳಗೂ ಹೊರಗೂ ಅದೇ ಜಾಗದಲ್ಲಿ ಕಾಣುವ ಬಿರುಕು ಇದ್ದರೆ ಮಾತು ಬೇರೆ. ಬಾಗಿಲು ಚೌಕಟ್ಟಿಗೆ ಉಜ್ಜುತ್ತದಾ? ಬಚ್ಚಲು ನೀರು ಪಾಯಕ್ಕೆ ಇಳಿಯುತ್ತಿದೆಯಾ? ಒಂದೇ ಗೋಡೆಗೆ ಹೊಸ ಬಣ್ಣ ಇದ್ದರೆ ಯಾಕೆ ಅಂತ ಕೇಳಿ. ಯಾರೂ ಸುಮ್ನೆ ಒಂದು ಗೋಡೆಗಷ್ಟೇ ಬಣ್ಣ ಹಚ್ಚಿಸಲ್ಲ, ಅಲ್ವಾ?

ಸಾಧ್ಯವಾದರೆ ಮನೆಯನ್ನು ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ನೋಡಿ. ಬಿರುಕು ಬೇಸಿಗೆಯಲ್ಲಿ ಅಗಲವಾಗುತ್ತದೆ, ಸೋರುವ ಮಾಳಿಗೆ ಮಳೆಯಲ್ಲೇ ಗೊತ್ತಾಗುವುದು. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ, ಸಂಪ್ ಅದಕ್ಕೆ ಸಾಕಾ ಲೆಕ್ಕ ಹಾಕಿ.

'ಬ್ಯಾಂಕಿನವರು ಇಂಜಿನಿಯರ್ ಕಳಿಸ್ತಾರಲ್ಲ' ಅನ್ನುವವರಿದ್ದಾರೆ. ಅವರು ಮುಖ್ಯವಾಗಿ ನೋಡುವುದು ಕೊಡುವ ಸಾಲಕ್ಕೆ ತಕ್ಕ ಬೆಲೆ ಮನೆಗಿದೆಯಾ ಅಂತ. ಬಚ್ಚಲಿನ ಗೋಡೆ ಒದ್ದೆಯಾಗಿದ್ದರೆ ಅದು ನಿಮ್ಮ ತಲೆನೋವು.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಜನ ಸತ್ತರು. ಆಗ ಸ್ವಲ್ಪ ದಿನ ಊರೆಲ್ಲ ಪಿಲ್ಲರ್, ಸಿಮೆಂಟ್ ಅಂತ ಮಾತಾಡಿತು. ಆಮೇಲೆ ಮತ್ತೆ ಈಶಾನ್ಯ ಮೂಲೆಗೇ ಬಂದಿತು.

ವಾಸ್ತು ಬೇಡ ಅನ್ನುತ್ತಿಲ್ಲ, ನಿಮ್ಮ ನಂಬಿಕೆ ನಿಮಗೆ. ವಾಸ್ತು ನೋಡುವವರಿಗೆ ಕೊಡುವಷ್ಟೇ ದುಡ್ಡು ಕೊಟ್ಟು ಒಬ್ಬ ಸಿವಿಲ್ ಇಂಜಿನಿಯರನ್ನೂ ಕರೆದುಕೊಂಡು ಹೋಗಿ. ಗೋಡೆಗೆ ಒತ್ತಿ ನಿಲ್ಲಿಸಿದ ತಿಜೋರಿ ಸರಿಸಿ ತೋರಿಸಿ ಅನ್ನಿ. ಮಾಲೀಕರು ಒಲ್ಲೆ ಅಂದರೆ ಸಂಚಕಾರ ಕಿಸೆಯಲ್ಲೇ ಇರಲಿ.