ತರಗು ಬೆಂಕಿಯ ಬಗ್ಗೆ ಸೋಲಿಗರನ್ನು ಮೊದಲೇ ಕೇಳಬೇಕಿತ್ತು

ಬಿಳಿಗಿರಿರಂಗನ ಬೆಟ್ಟದ ಕಾಡಿನ, ಅಲ್ಲಿನ ಸೋಲಿಗ ಆದಿವಾಸಿಗಳ ಮಾತು ಬಂದಾಗೆಲ್ಲ ಯಾರಾದರೊಬ್ಬರು ಹೇಳುತ್ತಾರೆ, ‘ಕಾಡಿನ ಬೆಂಕಿ ಬಗ್ಗೆ ಸೋಲಿಗರು ಹೇಳಿದ್ದು ಸರಿ ಅಂತ ಈಗ ವಿಜ್ಞಾನವೇ ಒಪ್ಪಿದೆ’ ಅಂತ. ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ನನಗೆ ಬೇಸರವಾಗುತ್ತದೆ. ಯಾರೋ ಬಂದು ಒಪ್ಪುವ ತನಕ ಅವರ ತಿಳಿವಳಿಕೆ ಬರೀ ನಂಬಿಕೆಯಾಗಿತ್ತಾ?

ಹಿಂದೆ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ಕಾಡಿನ ನೆಲಕ್ಕೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ತರಗು ಬೆಂಕಿ. ಉದುರಿದ ಎಲೆ, ಒಣ ಹುಲ್ಲು ಸುಟ್ಟುಕೊಂಡು ನೆಲದ ಮೇಲೇ ಹರಿದು ಹೋಗುತ್ತದೆ. ಬೆಳೆದ ಮರಕ್ಕೆ ತೊಂದರೆಯಿಲ್ಲ. ಆಮೇಲೆ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆ ಕಡವೆ ಮೇಯಲು ಬರುತ್ತವೆ. 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಪೋಡುಗಳು, ಅಂದರೆ ಸೋಲಿಗರ ಹಾಡಿಗಳು, ಕಾಡಿನ ಒಳಗಿಂದ ಅಂಚಿಗೆ ಬಂದವು, ಬೆಂಕಿ ಹಾಕುವುದು ಅಪರಾಧವಾಯಿತು.

ಆಮೇಲಿಂದ ಹಿರಿಯರು ಎರಡು ಮಾತು ಹೇಳುತ್ತಲೇ ಬಂದರು. ಬೆಂಕಿ ನಿಲ್ಲಿಸಿದ್ದಕ್ಕೆ ಲಂಟಾನ, ಅಂದರೆ ಹೊರದೇಶದಿಂದ ಬಂದ ಆ ಪೊದೆ ಗಿಡ, ಹಬ್ಬಿತು. ಬೆಂಕಿ ನಿಲ್ಲಿಸಿದ್ದಕ್ಕೇ ನೆಲ್ಲಿ ಮರಕ್ಕೆ ಉಪ್ಪಿಲು ಜಾಸ್ತಿಯಾಯಿತು. ಉಪ್ಪಿಲು ಅಂದರೆ ನಾವು ಬಂದಳಿಕೆ ಅನ್ನುತ್ತೇವಲ್ಲ, ಅದು. ಕೊಂಬೆಯೊಳಗೇ ಬೇರಿಳಿಸಿ ಮರದ ಸಾರ ಹೀರುವ ಗಿಡ. ನೆಲ್ಲಿಕಾಯಿ ಕೊಯ್ದು ಬದುಕುವವರ ಕಣ್ಣಿಗೆ ಅದು ಬೀಳದೆ ಇರುತ್ತದಾ?

ಸಂಶೋಧಕರು ಮಾಡಿದ ಕೆಲಸ ಸಣ್ಣದಲ್ಲ. ಪರಿಸರ ಸಂಶೋಧನೆ ಮಾಡುವ ಏಟ್ರೀ ಸಂಸ್ಥೆಯವರು 1997ರಲ್ಲಿ ಕಾಡಿನ ಉದ್ದಗಲಕ್ಕೂ ಜಾಗ ಗುರುತಿಸಿ ಗಿಡಮರ ಎಣಿಸಿದ್ದರು. 2008ರಲ್ಲಿ ಮತ್ತೆ ಎಣಿಸಿದರು. ಮೊದಲ ಎಣಿಕೆಯಲ್ಲಿ ನೂರಕ್ಕೆ ಸುಮಾರು 40 ಜಾಗಗಳಲ್ಲಿದ್ದ ಲಂಟಾನ ಎರಡನೆಯದರಲ್ಲಿ ಸುಮಾರು 80ರಲ್ಲಿತ್ತು. ಇಡೀ ಕಾಡಿನ ಇಂಥ ಲೆಕ್ಕ ಯಾರ ನೆನಪಿನಿಂದಲೂ ಸಿಗುವುದಿಲ್ಲ. ಹಾಗೇ, ಯಾವ ತಿಂಗಳಲ್ಲಿ, ಯಾವ ಇಳಿಜಾರಿನಲ್ಲಿ, ಗಾಳಿ ಹೇಗಿದ್ದಾಗ ಬೆಂಕಿ ಹಾಕಿದರೆ ಅದು ತಾನಾಗಿ ಆರುತ್ತದೆ ಅನ್ನುವುದು ಈ ಲೆಕ್ಕದಲ್ಲಿ ಸಿಗುವುದಿಲ್ಲ.

ಹಾಗಂತ ನಾಳೆಯಿಂದಲೇ ತರಗು ಬೆಂಕಿ ಹಾಕಿಬಿಡಿ ಅನ್ನುವ ಹಾಗೂ ಇಲ್ಲ. ಈಗ ಆಳೆತ್ತರ ಲಂಟಾನದ ಪೊದೆ ನಿಂತಿದೆ. ಬೆಂಕಿ ಬಿದ್ದರೆ ಅದು ನೆಲದಲ್ಲೇ ಉಳಿಯುವುದಿಲ್ಲ, ಪೊದೆ ಹತ್ತಿ ಮರಕ್ಕೇ ಏರುತ್ತದೆ. ಮೊದಲು ಪೊದೆ ಕಿತ್ತು, ಸಣ್ಣ ಜಾಗದಲ್ಲಿ ಮಾಡಿ ನೋಡಿ, ಏನಾಯಿತು ಅಂತ ವರ್ಷವರ್ಷ ಬರೆದಿಡಬೇಕು. ಇಲ್ಲಿ ಹಿರಿಯರ ಅನುಭವವೂ ಬೇಕು, ಅಳತೆಯೂ ಬೇಕು.

ಹಾಡು, ಕಥೆ ಇವೆಲ್ಲ ಎಲ್ಲಿ ಬರುತ್ತವೆ ಅಂತ ಕೇಳಬಹುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಅವೇ. ಭಾರ್ಗವಿ ಹೊಳೆ ದಡದ ದೊಡ್ಡ ಸಂಪಿಗೆ ಮರ ಗೊತ್ತಲ್ಲ? ಸಸ್ಯಶಾಸ್ತ್ರಕ್ಕೆ ಅದು ತುಂಬಾ ಹಳೆಯ ಒಂದು ಸಂಪಿಗೆ ಮರ. ಸೋಲಿಗರಿಗೆ ಅದು ದೇವರು. ಬುಡದಲ್ಲಿ ಲಿಂಗದ ಹಾಗೆ ನಿಲ್ಲಿಸಿದ ಕಲ್ಲುಗಳಿವೆ, ಪೂಜೆ ನಡೆಯುತ್ತದೆ. ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಅನ್ನುತ್ತದೆ ಅವರ ಕಥೆ. ಅಂದರೆ ಬೆಟ್ಟದ ದೇವರು ಅವರಿಗೆ ಅಳಿಯ, ಭಾವ. ಈ ಕಾಡಿಗೂ ನಮಗೂ ಏನು ಸಂಬಂಧ ಅನ್ನುವ ಪ್ರಶ್ನೆಗೆ ಎಣಿಕೆಯಲ್ಲಿ ಉತ್ತರವಿಲ್ಲ. ಈ ಕಥೆಯಲ್ಲಿದೆ, ರೊಟ್ಟಿ ಹಬ್ಬದಲ್ಲಿ ಬೆಂಕಿ ಸುತ್ತ ಕುಣಿಯುತ್ತಾ ಹಾಡುವ ಗೋರುಕನ ಪದದಲ್ಲಿದೆ.

ಹಿರಿಯರ ಅನುಭವ, ಅಳತೆ, ಕಥೆ, ಈ ಮೂರೂ ಒಂದು ಸಲ ಚೆನ್ನಾಗಿ ಕೂಡಿಕೊಂಡವು. ಸೋಲಿಗ ಹಿರಿಯರು ಕಾಡಿನಲ್ಲಿ ನಡೆದು ತಮ್ಮ ಕುಲಗಳ ದೇವರ ತಾಣಗಳನ್ನು ತೋರಿಸಿದರು. ಸಂಶೋಧಕರು ಜಿಪಿಎಸ್ ಹಿಡಿದು ಜೊತೆಗೆ ಹೋದರು. ನೂರಾರು ತಾಣಗಳ ನಕ್ಷೆ ತಯಾರಾಯಿತು. ಅಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾದ 2011ರಲ್ಲೇ, 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಕಥೆ ಇಲ್ಲದಿದ್ದರೆ ನಕ್ಷೆಯಲ್ಲಿ ಗುರುತಿಸಲು ಏನೂ ಇರುತ್ತಿರಲಿಲ್ಲ. ನಕ್ಷೆ ಇಲ್ಲದಿದ್ದರೆ ಕಚೇರಿಯಲ್ಲಿ ಆ ಕಥೆಯನ್ನು ಯಾರು ಕೇಳುತ್ತಿದ್ದರು?

ಹಾಗಾಗಿ ನಾನು ಕೇಳುವುದು ಇಷ್ಟೇ. ಲಂಟಾನ ಎಲ್ಲಿ ಕೀಳಬೇಕು, ಬೆಂಕಿ ಎಲ್ಲಿ ಹಾಕಿ ನೋಡಬಹುದು ಅನ್ನುವುದನ್ನು ಪ್ರತಿ ವರ್ಷ ಬೇಸಿಗೆಗೆ ಮುಂಚೆ ಗ್ರಾಮಸಭೆಯಲ್ಲೇ ಕೂತು ತೀರ್ಮಾನಿಸಲಿ. ಅಧಿಕಾರಿಗಳೂ ವಿಜ್ಞಾನಿಗಳೂ ಅಲ್ಲಿಗೆ ಬರಲಿ. ಸೋಲಿಗರನ್ನು ಮಾಹಿತಿ ಕೊಡುವುದಕ್ಕಷ್ಟೇ ಕರೆಯುವುದು ಬೇಡ. ಬೇಡ ಅನ್ನುವ ಹಕ್ಕೂ ಅವರಿಗಿರಲಿ.