ಬಳಿಕ ನಾಟಕ ಪ್ರದರ್ಶನಗೊಂಡಿತು

ಜಿಲ್ಲಾ ಪುಟದಲ್ಲಿ ಬಂದ ಆ ಸುದ್ದಿಯನ್ನು ನೀವೂ ನೋಡಿರುತ್ತೀರಿ. ನಾಟಕೋತ್ಸವದ ವರದಿ, ಮೂರು ಕಾಲಂ, ಮೇಲೊಂದು ಫೋಟೊ. ಫೋಟೊದಲ್ಲಿ ದೀಪದ ಕಂಬದ ಸುತ್ತ ಹನ್ನೊಂದು ಜನ. ಹನ್ನೊಂದು ಕೈಗಳೂ ಒಂದೇ ಮೇಣದಬತ್ತಿಯ ಮೇಲೆ, ಹನ್ನೊಂದು ಮುಖಗಳೂ ದೀಪ ಬಿಟ್ಟು ಕ್ಯಾಮೆರಾ ಕಡೆಗೆ. ಉದ್ಘಾಟಕರು ರಂಗಭೂಮಿ ಸಮಾಜದ ಕನ್ನಡಿ ಎಂದರು. ಅಧ್ಯಕ್ಷತೆ ವಹಿಸಿದ್ದವರು ಮೊಬೈಲ್ ಹಾವಳಿಯಿಂದ ರಂಗಭೂಮಿ ನಲುಗುತ್ತಿದೆ ಎಂದರು. (ಹೇಳುತ್ತಿರುವಾಗ ಅವರದೇ ಮೊಬೈಲ್ ಹೊಡೆದುಕೊಂಡಿತಂತೆ, ವರದಿಯಲ್ಲಿಲ್ಲ.) ಸಹಕಾರ ಸಂಘದ ಮುಖಂಡರೊಬ್ಬರು ಮಿಡ್ಲ್‌ಸ್ಕೂಲಿನಲ್ಲಿ ತಾವು ಮಾಡಿದ ಏಕಲವ್ಯನ ಪಾತ್ರವನ್ನು ಸ್ಮರಿಸಿದರು. ಆಮೇಲೆ ಉಪಸ್ಥಿತರಿದ್ದವರ ಹೆಸರುಗಳು ಕಾಲು ಕಾಲಂ. ಕೊನೆಯ ಸಾಲು: 'ಬಳಿಕ ನಾಟಕ ಪ್ರದರ್ಶನಗೊಂಡಿತು.'

ಯಾವ ನಾಟಕ, ಬರೆದವರು ಯಾರು, ಆಡಿದವರು ಯಾರು? ಜಾಗ ಸಾಲಲಿಲ್ಲ.

ವರದಿಗಾರನನ್ನು ಬೈಯಬೇಡಿ. ಪಾಪ, ಅವನು ಕಂಡದ್ದನ್ನೇ ಬರೆದ. ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಇನ್ನೂ ವಂದನಾರ್ಪಣೆ ಮುಗಿದಿರಲಿಲ್ಲ. ಅವನ ಪಾಲಿಗೆ ನಾಟಕವೆಂಬುದು ದೇವರಿದ್ದಂತೆ, ಇದೆ ಎಂದು ನಂಬಿ ಎದ್ದುಹೋದ.

ಅಂದು ನಾಟಕ ಆಡಿದ ತಂಡ ನನಗೆ ಗೊತ್ತು. ತುಮಕೂರಿನ ಒಂದು ಅಡ್ಡರಸ್ತೆಯಲ್ಲಿ ಬಾಡಿಗೆ ಶೆಡ್ಡು, ಕಂತು ಕಟ್ಟುತ್ತಿರುವ ಒಂದು ಹಳೇ ಟೆಂಪೊ ಟ್ರಾವೆಲರ್, ಹತ್ತು ಹನ್ನೆರಡು ಹುಡುಗ ಹುಡುಗಿಯರು, ಅವರನ್ನು ಕಟ್ಟಿಕೊಂಡು ಹೆಣಗುವ ಒಬ್ಬ ಮೇಷ್ಟ್ರು. ಈ ವರ್ಷ ಅವರಿಗೆ ಪುರುಸೊತ್ತೇ ಇರಲಿಲ್ಲ. ಹತ್ತೂ ತಾಲ್ಲೂಕು ಸುತ್ತಿದ್ದಾರೆ. ರಂಗಭೂಮಿ ಸತ್ತಿತು ಎಂದು ಗೋಳಾಡುವವರು ಇವರ ಡೈರಿ ನೋಡಬೇಕು. ಇಷ್ಟೊಂದು ಬಿಜಿಯಾಗಿರುವ ಹೆಣವನ್ನು ಅವರು ಬೇರೆಲ್ಲೂ ಕಂಡಿರಲಾರರು.

ವರ್ಷದ ಮೊದಲರ್ಧ ಪೂರಾ ಯಮನದು. ಇಲಾಖೆಗಳಿಗೆ ಜನಜಾಗೃತಿ ಮಾಡಬೇಕೆನ್ನಿಸಿದರೆ ಬೀದಿ ನಾಟಕ ಬೇಕು, ಬೀದಿ ನಾಟಕ ಅಂದಮೇಲೆ ಯಮ ಬೇಕು. ಹೆಲ್ಮೆಟ್ ಹಾಕದವನ ಮುಂದೆ ಯಮ. ತೊಟ್ಟಿ ಮುಚ್ಚದೆ ಡೆಂಗಿ ತರಿಸಿಕೊಂಡವನ ಮುಂದೆ ಯಮ. ಗುಟ್ಕಾ, ಸಾರಾಯಿ, ಪ್ಲಾಸ್ಟಿಕ್, ಅಂತರ್ಜಲ, ಎಲ್ಲದಕ್ಕೂ ಕೋಣ ಹತ್ತಿ ಹಾಜರು. ಮತದಾನ ಜಾಗೃತಿಗೂ ಅವನೇ ಬಂದ. ಓಟು ಹಾಕದೆ ಸತ್ತವರಿಗೆ ನರಕದಲ್ಲಿ ಉದ್ದನೆಯ ಕ್ಯೂ ಎಂದು ಎಚ್ಚರಿಸಿ ಹೋದ. ಸರ್ಕಾರದ ಕೆಲಸ ಇಷ್ಟು ನಿಷ್ಠೆಯಿಂದ ಮಾಡುವ ನೌಕರ ಇನ್ನೊಬ್ಬನಿಲ್ಲ. ಟಿಎ, ಡಿಎ ಕೂಡ ಕೇಳುವುದಿಲ್ಲ.

ತಂಡದಲ್ಲಿ ಯಮ ಆಡುವ ಹುಡುಗ ಪಾವಗಡದ ಕಡೆಯವನು. ಎಂ.ಎ. ಮಾಡಿದ್ದಾನೆ, ಮ್ಯಾಕ್‌ಬೆತ್ ಆಡಬೇಕೆಂಬ ಆಸೆಯಿದೆ. ಸ್ಪಿರಿಟ್ ಗಮ್ ಹಚ್ಚಿ ಮೀಸೆ ಅಂಟಿಸಿ, ಕಿತ್ತು, ಮತ್ತೆ ಅಂಟಿಸಿ ಮೇಲ್ದುಟಿಯ ಚರ್ಮವೇ ಎದ್ದುಬಂದಿದೆ. ಥರ್ಮಾಕೋಲ್ ಗದೆ ಟ್ರಾವೆಲರ್‌ನ ಹಿಂದಿನ ಸೀಟಿನಲ್ಲಿ ಕುಲುಕಾಡಿ ಅರ್ಧ ಉದುರಿದೆ, ಉಳಿದರ್ಧಕ್ಕೆ ಬ್ರೌನ್ ಟೇಪು. 'ಗದೆ ಹೊಸದು ಮಾಡಿಸ್ಕೊಳಯ್ಯಾ' ಎಂದರೆ 'ಬಿಲ್ಲಾಗ್ಲಿ ಕಣಣ್ಣಾ' ಅನ್ನುತ್ತಾನೆ.

ಬಿಲ್ಲು! ಪ್ರದರ್ಶನ ನಡೆದದ್ದಕ್ಕೆ ಸಾಕ್ಷಿ ಬೇಕಲ್ಲ. ಜಿಪಿಎಸ್ ಫೋಟೊ ಕೊಡಬೇಕು. ಅಕ್ಷಾಂಶ, ರೇಖಾಂಶ, ತಾರೀಖು, ಹೊತ್ತು. ಹಿಂದೆ ಬ್ಯಾನರ್, ಬ್ಯಾನರ್ ಮುಂದೆ ಕಲಾವಿದರು, ಕಲಾವಿದರ ಮುಂದೆ ಜನ. ಜೊತೆಗೆ ಪಂಚಾಯಿತಿ ಪಿಡಿಒ ಸಹಿ, ಸೀಲು. ನಮ್ಮ ಜನ ನಾಟಕಕ್ಕೆ ಕೂರುತ್ತಾರೋ ಇಲ್ಲವೋ, ಫೋಟೊ ಅಂದರೆ ನಿಲ್ಲುತ್ತಾರೆ. ಹಾಗಾಗಿ ಮೊದಲು ಫೋಟೊ, ಆಮೇಲೆ ನಾಟಕ ಎಂಬ ಪದ್ಧತಿ ಬಂತು. ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಫೋಟೊ ಮುಗಿದದ್ದಕ್ಕೂ ಡೈರಿಗೆ ಹಾಲು ಹಾಕುವ ಹೊತ್ತಾದದ್ದಕ್ಕೂ ಸರಿಹೋಯಿತು. ಊರಿಗೆ ಊರೇ ಕ್ಯಾನು ಹಿಡಿದು ಎದ್ದುಹೋಯಿತು. ಯಮ ಎದುರಿಗುಳಿದ ಇಬ್ಬರು ಅಜ್ಜಿಯರಿಗೆ ಹೆಲ್ಮೆಟ್ಟಿನ ಮಹತ್ವ ತಿಳಿಸಿ ಬಂದ. ದಾಖಲೆಯಲ್ಲಿ ಅದು ಯಶಸ್ವೀ ಪ್ರದರ್ಶನ. ಬಿಲ್ಲು ಮಾತ್ರ ವಾಪಸ್ ಬಂತು, ಬ್ಯಾನರಿನಲ್ಲಿ ವರ್ಗವಾಗಿ ಹೋದ ಸಾಹೇಬರ ಹೆಸರಿತ್ತಂತೆ.

ಉಳಿದರ್ಧ ವರ್ಷ ಗಣ್ಯರದು.

ತಾಲ್ಲೂಕು ಕೇಂದ್ರವೊಂದರ ರಂಗಮಂದಿರ. ಆಹ್ವಾನಪತ್ರಿಕೆಯಲ್ಲಿ ಸಂಜೆ ಆರೂವರೆ. ಅಂದರೆ ಜನ ಏಳಕ್ಕೆ ಬರಬೇಕು, ಸಂಘಟಕರು ಏಳೂಕಾಲಿಗೆ, ಮುಖ್ಯ ಅತಿಥಿಗಳು ಬೆಂಗಳೂರು ಬಿಟ್ಟಮೇಲೆ. ಅವರು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಇಳಿದಿದ್ದಾರೆಂದು ಫೋನು ಬಂತು. ಇದನ್ನು ನಾನು ತಪ್ಪು ಅನ್ನಲಾರೆ. ಕ್ಯಾತ್ಸಂದ್ರ ದಾಟಿಯೂ ತಟ್ಟೆ ಇಡ್ಲಿ ತಿನ್ನದೆ ಬಂದವರ ಸಂಸ್ಕೃತಿಪ್ರೇಮವನ್ನು ನಂಬುವುದಾದರೂ ಹೇಗೆ? ಅವರು ಬಂದರು, ವೇದಿಕೆ ಹತ್ತಿದರು, ನಾಡಗೀತೆಯಾಯಿತು.

2022ರಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು, ನೆನಪಿದೆಯಲ್ಲ. ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನೊಳಗೆ ಹಾಡಿ ಮುಗಿಸತಕ್ಕದ್ದು. ಸರಿ, ಹಾಡುತ್ತಿದ್ದೇವೆ. ಆದರೆ ಕುವೆಂಪು ಅವರಿಗೆ ಎರಡೂವರೆ ನಿಮಿಷ ಧಾರಾಳ ಸಾಕು ಎಂದು ಲೆಕ್ಕ ಹಾಕಿದ ಸರ್ಕಾರ, ಸ್ವಾಗತ ಭಾಷಣ ಮಾಡುವವರ ವಿಚಾರದಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಅಂದು ಸ್ವಾಗತವೇ ಇಪ್ಪತ್ತು ನಿಮಿಷ. ಒಬ್ಬೊಬ್ಬರನ್ನೂ 'ಸರಳ ಸಜ್ಜನಿಕೆಯ ಸಾಕಾರಮೂರ್ತಿ' ಎಂದು ಸ್ವಾಗತಿಸಲಾಯಿತು. ವೇದಿಕೆಯ ಮೇಲೆ ಅಷ್ಟು ಸರಳತೆಗೆ ಕುರ್ಚಿ ಸಾಲಲಿಲ್ಲ.

ಸಾಲದ್ದಕ್ಕೆ ಸೆಟ್ಟಿನ ಸಿಂಹಾಸನವನ್ನೇ ಮುಂದಕ್ಕೆಳೆದು ಒಬ್ಬ ಗಣ್ಯರನ್ನು ಕೂರಿಸಿದರು. ಅದು ತೆಳು ಪ್ಲೈವುಡ್ಡು, ಬಡಕಲು ರಾಜನೊಬ್ಬನ ತೂಕಕ್ಕೆ ಹೊಡೆಸಿದ್ದು. ಗಣ್ಯರು ಎರಡನೇ ಭಾಷಣಕ್ಕೆ ಚಪ್ಪಾಳೆ ತಟ್ಟುವಾಗ ಒಂದು ಸದ್ದು ಬಂತು. ಆ ರಾತ್ರಿ ನಾಟಕದುದ್ದಕ್ಕೂ ರಾಜ ನಿಂತೇ ರಾಜ್ಯಭಾರ ಮಾಡಿದ. ಹಿಂದುಗಡೆ ಕಟ್ಟಿದ್ದ ಫ್ಲೆಕ್ಸನ್ನು ಬಿಚ್ಚಲು ಯಾರೂ ಒಪ್ಪದ್ದರಿಂದ ಅಂತಃಪುರದ ದೃಶ್ಯವೂ ಸ್ಮಶಾನದ ದೃಶ್ಯವೂ ನಗುಮುಖದ ಮುಖಂಡರ ಸಮ್ಮುಖದಲ್ಲೇ ನಡೆದವು.

ಸನ್ಮಾನದ ವಿಷಯ ಹೇಳಲೇಬೇಕು. ಶಾಲು, ಗಂಧದ ಹಾರ, ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ, ಫಲಕ, ಮೈಸೂರು ಪೇಟ. ಪೇಟ ಎಲ್ಲ ತಲೆಗಳಿಗೂ ಒಂದೇ ಅಳತೆಯದು. ಒಬ್ಬರಿಗೆ ಕಣ್ಣು ಮುಚ್ಚುತ್ತದೆ, ಇನ್ನೊಬ್ಬರಿಗೆ ನೆತ್ತಿಯ ಮೇಲೆ ಕೂತು ಜಾರುತ್ತದೆ. ಫೋಟೊಗ್ರಾಫರ್ 'ಇನ್ನೊಂದ್ಸಲ ಸಾರ್' ಅಂದರೆ ಹೊದಿಸಿದ ಶಾಲು ತೆಗೆದು ಮತ್ತೆ ಹೊದಿಸುತ್ತಾರೆ. ರಂಗಭೂಮಿಯಲ್ಲಿ ಇಂದಿಗೂ ಒನ್ಸ್ ಮೋರ್ ಬೀಳುವುದು ಈ ಒಂದು ದೃಶ್ಯಕ್ಕೆ. ಸಂಘಟಕರಿಗೆ, ಸಂಘಟಕರನ್ನು ಪರಿಚಯಿಸಿದವರಿಗೆ, ಕುರ್ಚಿ ಶಾಮಿಯಾನದವರಿಗೆ, ಎಲ್ಲರಿಗೂ ಆಯಿತು. ಸುಳ್ಳು ಹೇಳಬಾರದು, ಕಲಾವಿದರಿಗೂ ಹೊದಿಸಿದರು. ಒಪ್ಪಿದ ದುಡ್ಡಿನಲ್ಲಿ ಅರ್ಧ ಕೊಟ್ಟು, 'ನಿಮ್ಗೂ ಸನ್ಮಾನ ಮಾಡ್ಲಿಲ್ವಾ ಮೇಷ್ಟ್ರೇ' ಅಂದರು. ಶೆಡ್ಡಿನಲ್ಲಿ ಈಗ ಶಾಲಿನ ರಾಶಿ. ಮೇಷ್ಟ್ರ ಹೆಂಡತಿ ಅದರಲ್ಲೇ ರಾಜನಿಗೊಂದು ನಿಲುವಂಗಿ ಹೊಲಿದಿದ್ದಾರೆ, ಜರಿ ಕೆಲಸಕ್ಕೆ ಪ್ರತ್ಯೇಕ ಖರ್ಚಾಗಲಿಲ್ಲ.

ಹಾಗೆ ನೋಡಿದರೆ ಹಾರ ತುರಾಯಿಗೆ ನಾವು ಹೊಸಬರೇನಲ್ಲ. ನಮ್ಮ ತುಮಕೂರು, ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಕುರುಕ್ಷೇತ್ರ ನಾಟಕ ನೋಡದವರುಂಟೆ? ಜಗತ್ತಿನ ಬೇರೆ ಕಡೆ ನಟನಿಗೆ ದುಡ್ಡು ಕೊಡುತ್ತಾರೆ. ಇಲ್ಲಿ ನಟನೇ ದುಡ್ಡು ಕೊಟ್ಟು ಪಾರ್ಟು ತಗೊಳ್ಳುತ್ತಾನೆ. ಕೃಷ್ಣ, ದುರ್ಯೋಧನ, ಭೀಮನಿಗೆ ಒಂದು ರೇಟು, ಕೆಳಗಿನ ಪಾರ್ಟುಗಳಿಗೆ ಇನ್ನೊಂದು. ರಾಗಿ ಮಾರಿಯೋ ಸೈಟು ಮಾರಿಯೋ ದುರ್ಯೋಧನನಾಗುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದ, ವೃತ್ತದ ಪದ್ಯ ತಿದ್ದಿ ತಿದ್ದಿ ಗಂಟಲು ಕೂರಿಸಿಕೊಳ್ಳುತ್ತಾರೆ. ಸೀನರಿಯವರು ಲಾರಿಯಲ್ಲಿ ಅರಮನೆ ತಂದಿಳಿಸುತ್ತಾರೆ. ರಾತ್ರಿ ಒಂಬತ್ತಕ್ಕೆ ಗಣಪತಿ ಪ್ರಾರ್ಥನೆ, ಬೆಳಗಿನ ಜಾವಕ್ಕೆ ಗದಾಯುದ್ಧ. ಒಮ್ಮೆ ಚಕ್ರವ್ಯೂಹದಲ್ಲಿ ಅಭಿಮನ್ಯು ಸತ್ತು ಬಿದ್ದ. ಮೈಕಿನಲ್ಲಿ 'ಅಭಿಮನ್ಯು ಪಾತ್ರಧಾರಿಗಳಿಗೆ ಅವರ ಭಾವಮೈದುನರಿಂದ ನೋಟಿನ ಹಾರ' ಎಂದು ಕೂಗಿದರು. ಅಭಿಮನ್ಯು ಎದ್ದ, ಹಾರ ಹಾಕಿಸಿಕೊಂಡ, ಕೈ ಮುಗಿದ, ನೋಟು ನುರುಗದ ಹಾಗೆ ಮೆಲ್ಲಗೆ ಅಂಗಾತ ಮಲಗಿ ಮತ್ತೆ ಸತ್ತ. ಸುಭದ್ರೆ ಬಿಟ್ಟಲ್ಲಿಂದ ಅಳು ಮುಂದುವರಿಸಿದಳು.

ನಗಬಹುದು, ನಾನೂ ನಕ್ಕಿದ್ದೇನೆ. ಆದರೆ ಕಂಬಳಿ ಹೊದ್ದು ಕೂತ ಜನ ಬೆಳಗಾಗುವವರೆಗೆ ಅಲ್ಲಾಡಲಿಲ್ಲ. ಪದ ತಪ್ಪಿದರೆ ಹಿಂದಿನಿಂದ ಯಾರೋ ಮುದುಕ ಸರಿಯಾದ ಪದ ಎತ್ತಿಕೊಡುತ್ತಿದ್ದ. ಅಲ್ಲಿ ನಾಟಕದ ನಡುವೆ ಸನ್ಮಾನ ಬರುತ್ತದೆ, ಹೋಗುತ್ತದೆ. ನಮ್ಮ ಸುಶಿಕ್ಷಿತ ನಾಟಕೋತ್ಸವದಲ್ಲಿ ಸನ್ಮಾನ ಮುಗಿದು, ಗಣ್ಯರು ಎದ್ದು, ಅವರ ಹಿಂದೆ ಬಂದವರು ಎದ್ದು, ಅವರ ಕಾರಿಗೆ ದಾರಿ ಬಿಡಿಸುವವರು ಎದ್ದು, ಆಮೇಲೆ ಪರದೆ ಸರಿಯುತ್ತದೆ.

ಗುಬ್ಬಿ ತುಮಕೂರಿನಿಂದ ಇಪ್ಪತ್ತು ಕಿಲೋಮೀಟರ್ ಅಷ್ಟೆ. 1884ರಲ್ಲಿ ಆ ಊರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಯಲ್ಲಿ ಎಲ್ಲೆಲ್ಲಿಗೆ ಹೋಯಿತು! ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ರಾಜ್‌ಕುಮಾರ್ ಅಲ್ಲಿಂದ ಬಂದರು, ನಮ್ಮ ತಿಪಟೂರಿನ ನರಸಿಂಹರಾಜು ಅಲ್ಲಿಂದ ಬಂದರು, ಮನೆ ಬಿಟ್ಟು ಓಡಿಬಂದ ಹುಡುಗ ಬಿ.ವಿ. ಕಾರಂತ ಅಲ್ಲಿ ಅನ್ನ ಉಂಡರು, ಆಮೇಲೆ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ಇವತ್ತೇನಾದರೂ ರಂಗಕ್ಕೆ ಆನೆ ಬಂದರೆ ಅದಕ್ಕೂ ಒಂದು ಶಾಲು ಹೊದಿಸಿ 'ತಾವು ಎರಡು ಮಾತಾಡಬೇಕು' ಎನ್ನುತ್ತಿದ್ದರೋ ಏನೋ. ವೀರಣ್ಣನವರಿಗೆ ಪದ್ಮಶ್ರೀ ಬಂದದ್ದು 1972ರಲ್ಲಿ. ಅವರು ತೀರಿಕೊಂಡದ್ದೂ 1972ರಲ್ಲೇ. ಸನ್ಮಾನದ ವಿಚಾರದಲ್ಲಿ ಸರ್ಕಾರಗಳ ಸಮಯಪ್ರಜ್ಞೆ ಹೊಸದಲ್ಲ.

ಬ್ರಿಟಿಷರಿಗೆ ನಾಟಕದ ಬಗ್ಗೆ ಇದಕ್ಕಿಂತ ಗೌರವವಿತ್ತು ಅನ್ನಿಸುತ್ತದೆ. 1876ರಲ್ಲಿ ನಾಟಕಗಳನ್ನು ನಿಷೇಧಿಸುವುದಕ್ಕೆಂದೇ ಒಂದು ಕಾಯ್ದೆ ತಂದರು. ಯಾರೋ ನಾಲ್ಕು ಜನ ಬಣ್ಣ ಹಚ್ಚಿಕೊಂಡು ಕುಣಿದರೆ ಸಾಮ್ರಾಜ್ಯ ಅಲ್ಲಾಡೀತೆಂದು ಹೆದರಿದರು. ಆ ಕಾಯ್ದೆಯನ್ನು 2018ರಲ್ಲಿ ರದ್ದು ಮಾಡಿಯಾಯಿತು. ಇನ್ನೇಕೆ ಬೇಕು? ನಾಟಕಕ್ಕೆ ಈಗ ಯಾರೂ ಹೆದರುವುದಿಲ್ಲ, ಹೆದರುವುದೇನಿದ್ದರೂ ಆಹ್ವಾನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋದೀತೆಂದು. ನಿಷೇಧಿಸುವ ಖರ್ಚಿಲ್ಲದೆ ನಾಟಕ ನಿಲ್ಲಿಸುವ ಉಪಾಯವೂ ಸಿಕ್ಕಿದೆ: ಉದ್ಘಾಟನೆ.

ಆ ರಾತ್ರಿ ಪರದೆ ಸರಿದಾಗ ಒಂಬತ್ತೂಕಾಲು. ವಾಚ್‌ಮನ್ ಸೈಡ್ ವಿಂಗಿನಲ್ಲಿ ನಿಂತು 'ಹತ್ತಕ್ಕೆ ಮೇನ್ ಆಫ್ ಮಾಡ್ತೀನಿ, ಆಮೇಕೆ ನನ್ನ ಕೇಳ್ಬ್ಯಾಡಿ' ಅಂದ. ಒಂದೂವರೆ ಗಂಟೆಯ ನಾಟಕವನ್ನು ಮುಕ್ಕಾಲು ಗಂಟೆಗೆ ಇಳಿಸಿದರು. ಎರಡನೇ ಅಂಕದಲ್ಲಿ ಸಾಯಬೇಕಿದ್ದ ಮಂತ್ರಿ ಮೊದಲನೇ ಅಂಕದಲ್ಲೇ ಸತ್ತ. ಅವನಿಗೆ ವಿಷ ಕೊಡಬೇಕಿದ್ದವಳು ರಂಗಕ್ಕೇ ಬರಲಿಲ್ಲ. ಮಂತ್ರಿ ಹೇಗೆ ಸತ್ತನೆಂದು ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ.

ಆ ವಿಷ ಕೊಡುವ ಹುಡುಗಿ ಸಂಜೆ ಐದಕ್ಕೇ ಬಣ್ಣ ಹಚ್ಚಿ ಕೂತಿದ್ದಳು. ಗ್ರೀನ್ ರೂಮಿನಲ್ಲಿ ಮುರಿದ ಕುರ್ಚಿ ಪೇರಿಸಿದ್ದರು. ಬಾಗಿಲಿಗೆ ಚಿಲಕ ಇರಲಿಲ್ಲ, ಅವಳು ಸೀರೆ ಉಡುವಾಗ ಇನ್ನೊಬ್ಬಳು ಹೊರಗೆ ಬೆನ್ನು ಕೊಟ್ಟು ನಿಲ್ಲಬೇಕಾಯಿತು. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರೋ 'ಅಧ್ಯಕ್ಷರ' ಹತ್ತಿರ, ಅಧ್ಯಕ್ಷರು ವೇದಿಕೆಯ ಮೇಲೆ ಸರಳತೆಯಿಂದ ಆಸೀನರು. ನಾಲ್ಕು ಗಂಟೆ ಹೊತ್ತು ಆ ಹುಡುಗಿ ನೀರು ಕುಡಿಯದೆ ಕೂತಳು. ಇದರಲ್ಲಿ ತಮಾಷೆ ಮಾಡಲು ನನಗೇನೂ ತೋಚುತ್ತಿಲ್ಲ. ಲಕ್ಷಗಟ್ಟಲೆ ಸುರಿದು ಕಟ್ಟಿದ ಮಂದಿರಕ್ಕೆ ಒಂದು ಚಿಲಕ ಹಾಕಿಸಲಾಗದವರು ಮೈಕಿನ ಮುಂದೆ ನಿಂತು ರಂಗಭೂಮಿ ಉಳಿಸಿ ಅನ್ನುತ್ತಾರೆ. ಯಾರಿಂದ ಉಳಿಸಬೇಕು? ನಾಚಿಕೆಯಾದರೂ ಬೇಡವೇ? ಕೇಳಿ ಕೇಳಿ ನನಗೂ ಸಾಕಾಗಿದೆ.

ಹಾರ್ಮೋನಿಯಂ ಹುಡುಗ ತಂಡ ಬಿಟ್ಟ. ಬೆಂಗಳೂರಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಅಲ್ಲಿ ಬೆಲ್ ಒತ್ತಿದರೆ ಬಾಗಿಲು ತೆಗೆಯುತ್ತಾರೆ, ಕೈಲಿದ್ದದ್ದನ್ನು ಕೊಟ್ಟು ಬರಬಹುದು, ಮಧ್ಯೆ ಯಾರೂ ದೀಪ ಹಚ್ಚುವುದಿಲ್ಲ ಎಂದು ಮೇಷ್ಟ್ರಿಗೆ ಹೇಳಿದನಂತೆ.

ಮೇಷ್ಟ್ರಿಗೆ ಮೊನ್ನೆ ಮತ್ತೊಂದು ಕರೆ ಬಂತು. ನಾನು ಪಕ್ಕದಲ್ಲೇ ಕೂತಿದ್ದೆ. ಕುಣಿಗಲ್ ಕಡೆಯ ಸಂಘಟಕರು, ವಿಶ್ವ ರಂಗಭೂಮಿ ದಿನ, ಮಾರ್ಚ್ 27. ಈ ಸಲ ಬಹಳ ದೊಡ್ಡ ಮಟ್ಟದಲ್ಲಿ ಮಾಡುತ್ತಿದ್ದಾರಂತೆ, ಗಣ್ಯರೇ ಇಪ್ಪತ್ತು ಮಂದಿ.

'ನಾಟ್ಕ ಒಂದರ್ಧ ಗಂಟೆ ಇದ್ರೆ ಸಾಕು ಮೇಷ್ಟ್ರೇ. ಪ್ರಾರ್ಥನೆಗೆ, ನಿರೂಪಣೆಗೆ ನಿಮ್ ಹುಡ್ಗೀರೇ ಇರ್ಲಿ. ಆಮೇಲೆ ಆ ಯಮನ್ನ ಮರೀದೆ ಕರ್ಕಂಬನ್ನಿ.'

'ಅವತ್ತಿನ ನಾಟ್ಕದಲ್ಲಿ ಯಮ ಇಲ್ಲ ಸಾರ್.'

'ನಾಟ್ಕಕ್ಕಲ್ಲ ಕಣ್ ಮೇಷ್ಟ್ರೇ. ಬಾಗ್ಲಲ್ಲಿ ನಿಂತ್ಕಂಡು ಬಂದೋರಿಗೆಲ್ಲ ಪನ್ನೀರು ಚಿಮುಕ್ಸಕ್ಕೆ. ಜನ ಸೆಲ್ಫಿ ತಗಂತರೆ.'

ಮೇಷ್ಟ್ರು ಗೋಡೆಯ ಕ್ಯಾಲೆಂಡರ್ ನೋಡಿದರು. ಟ್ರಾವೆಲರ್ ಕಂತು ಐದನೇ ತಾರೀಖು. 'ಯಮಂಗೆ ಬೇರೆ ಚಾರ್ಜ್ ಆಗ್ತದೆ ಸಾರ್' ಅಂದರು.